ಹರ್ಷಿತಾ ಹೇಳಿದ ಆಂಟಿವೈರಸ್

ಮೂರನೇ ಡಬ್ಬಿಯನ್ನೂ ಸೋಮಣ್ಣ ಹಿಂದಕ್ಕೆ ತಳ್ಳಿದರು.

ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಾಗೇಂದ್ರನಿಗೆ ಅನುಮಾನ ಬಂತು. ಸೋಮಣ್ಣ ಬೇಗೂರಿನ ಹಾಲಿನ ಡೇರಿ ಕಾರ್ಯದರ್ಶಿಯಂತೆ. ಮೌಸ್ ಮುಟ್ಟಿದ ಕೈಯಲ್ಲ. ಮಗಳ ಕಂಪ್ಯೂಟರಿಗೆ ಆಂಟಿವೈರಸ್ ಆರಿಸಲು ಬಸ್ಸು ಹತ್ತಿ ತಾವೇ ಬಂದಿದ್ದಾರೆ. ಅಪ್ಪಂದಿರು ಹೀಗೆ ಬರುವುದು ವೈರಸ್ಸಿನ ಭಯಕ್ಕಲ್ಲ ಎಂಬುದು ಅವನ ಹನ್ನೆರಡು ವರ್ಷದ ಅನುಭವ.

“ಮಗಳು ಏನೇನ್ ನೋಡ್ತಾಳೆ ಅಂತ ತೋರ್ಸೋದೂ ಐತೆ ಅಣ್ಣ,” ಎಂದ, ದನಿ ಇಳಿಸಿ. “ಅವಳಿಗೆ ಗೊತ್ತೇ ಆಗಕಿಲ್ಲ.”

“ಅದು ಬ್ಯಾಡ. ಮಿಷಿನ್ನು ನಿಧಾನ ಆಗ್ಬಾರ್ದು, ಪುಕ್ಕಟೆದು ಆಗ್ಬಾರ್ದು. ನಮ್ ಹರ್ಷಿತಾ ಅಂದಿದ್ದು ಅಷ್ಟೆ. ಹೆಸರೂ ಚೀಟೀಲಿ ಬರ್ಕೊಟ್ಟಿದ್ಲು. ಕಳ್ದಾಕ್ಬುಟ್ಟೆ. ಅಂಗ್ಡಿ ಬಾಗ್ಲಾಕಿತ್ತು ಅಂತ ಸುಳ್ಳೇಳ್ದೆ.”

“ನನ್ ಅಂಗ್ಡೀನಾ?”

“ನಿಂದೇ ಕಣಪ್ಪ. ಮೂರ್ ಸತಿ.”

ನಾಗೇಂದ್ರ ನಕ್ಕ. “ಫೋನ್ ಮಾಡಿ ಕೇಳ್ಬುಡಿ ಮತ್ತೆ.”

“ಮಾತಿಲ್ಲ ಈಗ. ಶಿವರಾತ್ರಿಯಿಂದ.”

“ಇಷ್ಟಕ್ಕೇಯಾ?”

ಸೋಮಣ್ಣ ಡಬ್ಬಿಯ ಹಿಂಬದಿಯ ಇಂಗ್ಲಿಷನ್ನು ಬೆರಳಿಟ್ಟು ನೋಡುತ್ತಿದ್ದರು, ಅರ್ಥವಾಗುವವರ ಹಾಗೆ. “ಈ ಸತಿ ತಪ್ಪಾದ್ದು ತಕ್ಕೊಂಡೋಗಂಗಿಲ್ಲ,” ಎಂದರು.

ನಾಗೇಂದ್ರ ನಾಲ್ಕನೆಯದನ್ನು ತೆಗೆದ. “ಹಂಗಾದ್ರೆ ಇದೇ ಇರ್ಬೇಕು. ತಿಳ್ದೋರೆಲ್ಲ ಕೇಳೋದು ಇದ್ನೇ. ಮೂರು ವರ್ಷದ್ದು ಕೊಡ್ಲಾ?”

“ಒಂದು ವರ್ಷದ್ದು ಸಾಕು. ಮುಂದಿನ್ ವರ್ಷ ಇದೇ ಹೊತ್ಗೆ ಬಂದು ಇನ್ನೊಂದು ತಕ್ಕೋತೀನಿ.”

“ಅದ್ಕೆ ಡಬ್ಬಿ ಯಾಕಣ್ಣ? ಕೀ ನಂಬರು ವಾಟ್ಸಾಪ್ ಮಾಡ್ತೀನಿ, ಅವಳೇ ಹಾಕ್ಕೋತಾಳೆ.”

“ಡಬ್ಬೀನೇ ಕೊಡು. ಕಣ್ಗೆ ಕಾಣ್ಬೇಕು.”

ಮುನಿಸಿಕೊಂಡ ಮಗಳಿಗೆ ಸೀರೆ, ಓಲೆ ಒಯ್ಯುವವರನ್ನು ನಾಗೇಂದ್ರ ಕಂಡಿದ್ದ. ಆಂಟಿವೈರಸ್ ಒಯ್ಯುವವರು ಇವರೇ ಮೊದಲು. ಬಣ್ಣದ ಕಾಗದ ಸುತ್ತಲಾ ಎಂದು ಕೇಳಿದ.

“ಬ್ಯಾಡ. ಹೆಸರು ಕಾಣ್ಲಿ.”

ಬೇಗೂರಿನಲ್ಲಿ ಬಸ್ಸಿಳಿದು ಮನೆ ಸೇರಿದಾಗ ನಾಲ್ಕು ಗಂಟೆ. ಹೆಂಡತಿ ಚಿಕ್ಕಮಾದಮ್ಮ ಅಡುಗೆ ಮುಗಿಸಿ ನೆಲ ಸಾರಿಸಿದ್ದರು. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು.

“ಅವಳು ಹೇಳಿದ್ದು ಇದೇಯಾ?”

“ಇದೇ ಇರ್ಬೇಕು ಅಂದ ಅಂಗ್ಡಿಯೋನು.”

“ನೀವೇನಂದ್ರಿ?”

“ನಂಗೇನ್ ಗೊತ್ತೇ? ಅವಳೇ ಹೇಳ್ಬೇಕು.”

ಚಿಕ್ಕಮಾದಮ್ಮ ಬಾಳೆಲೆ ತೊಳೆದರು. “ಸಾರು ಆರೋಯ್ತದೆ. ಬಡ್ಸನ ಬನ್ನಿ,” ಎಂದರು.

ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ, ಹಾರ ಹಾಕಿದ ಹರ್ಷಿತಾಳ ಫೋಟೊದ ಮುಂದೆ, ವಡೆಗೂ ಕೋಳಿ ಸಾರಿಗೂ ನಡುವೆ ಡಬ್ಬಿಯನ್ನಿಟ್ಟು, ಅವಳು ಬಂದು ಹೋಗಲೆಂದು ಬಾಗಿಲೆಳೆದುಕೊಂಡು ಇಬ್ಬರೂ ಹೊರಗೆ ಕುಳಿತರು.