ಹನ್ನೆರಡನೆಯ ಕುರ್ಚಿ

ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂದು ಫಾದರ್ ಹತ್ತು ವರ್ಷ ಬೀದಿಯಲ್ಲಿ ಕೂತು ಹೋರಾಡಿದ್ದರು. ಎರಡು ಸಲ ಜೈಲಿಗೂ ಹೋಗಿದ್ದರು.

ಯೇಸು ಶಿಷ್ಯರ ಪಾದ ತೊಳೆದ ನೆನಪಿನ ಆ ಗುರುವಾರ ಸಂಜೆ, ಚರ್ಚಿನಲ್ಲಿ ಹನ್ನೆರಡು ಪೌರಕಾರ್ಮಿಕರಿಗೆ ಕುರ್ಚಿ ಹಾಕಿಸಿದರು. ಹನ್ನೊಂದು ಜನರ ಪಾದ ತೊಳೆದು ಮುತ್ತಿಟ್ಟರು. ಕೊನೆಯ ಕುರ್ಚಿಯಲ್ಲಿದ್ದ ಮುದುಕಿ ಕಾಲು ಹಿಂದಕ್ಕೆಳೆದುಕೊಂಡಳು.

“ಈ ಜಾಗ ನನ್ ಮಗಂದು ಸ್ವಾಮಿ. ಅವ್ನಿಗೇ ಹಿಡ್ಕೊಂಡು ಕೂತಿವ್ನಿ.”

“ಅವನೆಲ್ಲಮ್ಮ?”

“ಇಲ್ಲೇ, ಚರ್ಚ್ ಹಿಂದೆ. ಹಬ್ಬಕ್ಕೆ ಜನ ಜಾಸ್ತಿ ಬತ್ತಾರೆ ಅಂತ ನಿಮ್ ಕಮಿಟಿಯೋರು ಕಕ್ಕಸು ಗುಂಡಿ ಕ್ಲೀನ್ ಮಾಡಕ್ಕೆ ಕರೆದ್ರು.”

“ಯಾವಾಗ?” ಫಾದರ್ ಎದ್ದು ನಿಂತರು.

“ಮಧ್ಯಾನನೇ ಇಳಿದ. ನಿಮ್ ಕೈ ಹೊಲಸಾಗಬಾರ್ದು, ಕಾಲು ತೊಳ್ಕೊಂಡೇ ಬತ್ತೀನಿ ಅಂದವ್ನೆ. ಇನ್ನೇನು ಬಂದ್ಬುಡ್ತಾನೆ.”