ನಾಳೆಯ ಮಿಲಾನ್

"ಮುಟ್ಟಬೇಡಮ್ಮಾ, ಗಾಜು ಕೊಳೆಯಾಗುತ್ತೆ," ಎಂದ ಕಾಮಿಲ್ಲೊ. ಜೈರಾ ಮಗನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೂ ಕುದುರೆ ಗಾಡಿಗಳೇ ಓಡಾಡುವ ಮಿಲಾನ್ ನೂರು ವರ್ಷದ ನಂತರ ಆಕಾಶದಿಂದ ಹೇಗೆ ಕಂಡೀತೆಂದು ಅವನು ಬರೆದ ಚಿತ್ರ ಪ್ರದರ್ಶನದ ಗೋಡೆಯನ್ನೆಲ್ಲ ತುಂಬಿತ್ತು. ಮೋಡ ಮುಟ್ಟುವ ಕಟ್ಟಡಗಳು, ಅವುಗಳ ನಡುವೆ ಸೇತುವೆಗಳು, ಸೇತುವೆಗಳ ಮೇಲೆ ರೈಲು.

"ಇಷ್ಟೆತ್ತರದಲ್ಲಿ ಬಟ್ಟೆ ಒಣಹಾಕಿದ್ರೆ ಹಾರಿಹೋಗಿ ಬಿಷಪ್ಪರ ತಲೆ ಮೇಲೆ ಬೀಳುತ್ತೆ ಕಣೋ!" ಸುತ್ತ ನಿಂತವರೂ ನಕ್ಕರು. "ಇದು ನಮ್ಮ ಕಾಲುವೆ ಅಲ್ವಾ?"

ಅವಳ ಬೆರಳು ತಾನು ಪ್ರತಿ ಭಾನುವಾರ ನಡೆಯುವ ದಾರಿ ಹಿಡಿಯಿತು. ಕಾಲುವೆ ದಾಟಿತು, ಚರ್ಚಿನ ಬಳಿ ಎಡಕ್ಕೆ ತಿರುಗಿತು. ಅದು ಎಲ್ಲಿಗೆ ಹೊರಟಿದೆಯೆಂದು ಕಾಮಿಲ್ಲೊಗೆ ಆಗ ಹೊಳೆಯಿತು. ಗಿರಣಿಯ ಯಂತ್ರಕ್ಕೆ ಜಡೆ ಸಿಕ್ಕಿ ಸತ್ತ ತಂಗಿ ಎರ್ಸಿಲಿಯಾಳನ್ನು ಮಣ್ಣು ಮಾಡಿದ್ದು ಆ ದಾರಿಯ ಕೊನೆಯ ಸ್ಮಶಾನದಲ್ಲೇ. ಸಮಾಧಿಯ ಕಲ್ಲಿಗೆ ಕೂರಿಸಿದ ಅವಳ ಪುಟ್ಟ ಫೋಟೋವನ್ನು ಅಮ್ಮ ವಾರವಾರವೂ ತಲೆವಸ್ತ್ರದ ತುದಿಯಿಂದ ಒರೆಸಿ ಬರುತ್ತಾಳೆ.

ಬೆರಳು ನಿಂತ ಕಡೆ ಭಾರೀ ವಿದ್ಯುತ್ ಸ್ಥಾವರವಿತ್ತು. ಇಡೀ ಚಿತ್ರದಲ್ಲಿ ಅವನು ಎಲ್ಲಕ್ಕಿಂತ ಪ್ರೀತಿಯಿಂದ ಬರೆದದ್ದು ಅದನ್ನೇ.

"ಇಲ್ಲಿದ್ದೋರನ್ನೆಲ್ಲ ಎಲ್ಲಿಗೆ ಕಳಿಸಿದೆಯೋ?"

ಕಾಮಿಲ್ಲೊನ ಕಣ್ಣು ಚಿತ್ರದಲ್ಲಿ ಸ್ಮಶಾನಕ್ಕೊಂದು ಜಾಗ ಹುಡುಕಿತು.

"ಹೋಗ್ಲಿ ಬಿಡು ಮಗಾ. ನೋಡು, ಗಾಜು ಕೊಳೆ ಮಾಡಿಬಿಟ್ಟೆ," ಎಂದು ಜೈರಾ ತಲೆವಸ್ತ್ರದ ತುದಿ ಹಿಡಿದು ಆ ಜಾಗವನ್ನು ಒರೆಸತೊಡಗಿದಳು. ಬೆರಳಿನ ಗುರುತು ಹೋದ ಮೇಲೂ ಒರೆಸುತ್ತಲೇ ಇದ್ದಳು.