ಒಂಟಿ ಪೈನ್ ಮರದ ದೇವಿ

ಪರದೆಯ ಮೇಲುತುದಿಯಿಂದ ಒಂಟಿ ಪೈನ್ ಮರ ಇಳಿದು ಬಂದದ್ದೇ ತಡ, ಟ್ಯಾಕ್ಸಿ ಡ್ರೈವರ್ ಒಗಿನೊ ಆಟದ ಹಿಡಿಯನ್ನು ಬಿಟ್ಟು, ಗುಡಿಯಲ್ಲಿ ದೇವರ ಮುಂದೆ ತಟ್ಟುವಂತೆ ಪಟಪಟನೆ ಎರಡು ಚಪ್ಪಾಳೆ ತಟ್ಟಿದ. ಮತ್ತೆ ಹಿಡಿಗೆ ಕೈಹಾಕಿ, ಪೊರಕೆ ಏರಿದ ಮುದಿ ಮಾಟಗಾತಿಯನ್ನು ಮರದ ಎಡಕ್ಕೆ ಸರಿಸಿ, ಏನೂ ಇಲ್ಲದ ಖಾಲಿ ಆಕಾಶಕ್ಕೆ ಏಳು ಬೆಂಕಿಯುಂಡೆ ಹೊಡೆದ. ಮೋಡ ಸೀಳಿತು. ಮೂರು ಚಿನ್ನದ ಅಕ್ಷರ ಮೂಡಿದವು: ಕಿ, ನು, ಯೊ. ಮಾಟಗಾತಿಗೆ ಒಂದು ಜೀವ ಹೆಚ್ಚಾಯಿತು. ಸುತ್ತ ನಿಂತಿದ್ದವರು "ಬಂದಳು! ಬಂದಳು!" ಎಂದು ಕೂಗಿದರು.

ಒಗಿನೊನ ಬೆನ್ನ ಹಿಂದೆ, ತಾವೂ ಗಿರಾಕಿಗಳೇ ಎಂಬಂತೆ, ಆಟ ತಯಾರಿಸಿದ ಕಂಪನಿಯ ಇಬ್ಬರು ನಿಂತಿದ್ದರು. ಹೊಸ ಆಟವನ್ನು ಮೂರು ದಿನ ಒಸಾಕಾದ ಈ ವಿಡಿಯೊ ಗೇಮ್ ಅಂಗಡಿಯಲ್ಲಿಟ್ಟು, ಆಡುವವರು ಎಲ್ಲಿ ನಗುತ್ತಾರೆ, ಎಲ್ಲಿ ಬೇಸತ್ತು ಎದ್ದುಹೋಗುತ್ತಾರೆ ಎಂದು ನೋಡಿ ಬರೆದುಕೊಳ್ಳಬೇಕು. ಬಾಯಿ ಬಿಡಬಾರದು. ಒಬ್ಬ ವಿಭಾಗದ ಮುಖ್ಯಸ್ಥ ಮುರಾಸೆ. ಇನ್ನೊಬ್ಬಳು ಚಿತ್ರ ಬಿಡಿಸುವ ಕಿನುಯೊ.

ಮುರಾಸೆ ಹಲ್ಲು ಕಚ್ಚಿ ಪಿಸುಗುಟ್ಟಿದ: "ಅದು ನಿನ್ನ ಹೆಸರಲ್ವಾ?"

"ಒಸಾಕಾದಲ್ಲಿ ಆ ಹೆಸರಿನೋರು ಬೇಕಾದಷ್ಟು ಜನ ಇದಾರೆ, ಸರ್."

"ನನ್ನ ಕಿವಿಗೆ ಹೂವಿಡಬೇಡ. ಸೋಮವಾರ ಕಿತ್ತುಹಾಕು. ಆಟದಲ್ಲಿ ಯಾರ ಹೆಸರೂ ಇರಕೂಡದು ಅಂತ ಎಷ್ಟು ಸಲ ಹೇಳಿಲ್ಲ? ಹೆಸರು ಕಂಡ್ರೆ ಬೇರೆ ಕಂಪನಿಯೋರು ಆಟ ಮಾಡಿದೋರನ್ನ ನಾಳೆನೇ ಹಾರಿಸ್ಕೊಂಡು ಹೋಗ್ತಾರೆ."

ಮಾಟಗಾತಿಯ ಮೂಗಿನ ಮೇಲಿನ ನರುಲಿಯಿಂದ ಹಿಡಿದು ಡ್ರ್ಯಾಗನ್ನಿನ ಬಾಲದ ತುದಿಯವರೆಗೆ ಪ್ರತಿ ಚುಕ್ಕಿಯೂ ಕಿನುಯೊಳದು. ಗ್ರಾಫ್ ಕಾಗದದ ಒಂದೊಂದೇ ಮನೆಗೆ ಬಣ್ಣದ ಪೆನ್ಸಿಲ್ ತುಂಬಿ ತುಂಬಿ ಎಬ್ಬಿಸಿದ ಲೋಕ ಅದು. ಹೆಸರು ಮಾತ್ರ ಕಂಪನಿಯದು. ಹಾಗಂತ ಸುಮ್ಮನಿರಲು ಅವಳಿಗೆ ಆಗಲಿಲ್ಲ. ಪ್ರೋಗ್ರಾಂ ಬರೆಯುವ ಗೆಳತಿಗೆ ಮೂರು ದಿನ ತನ್ನ ಊಟದ ಡಬ್ಬಿ ಲಂಚ ಕೊಟ್ಟು, ಮೋಡದೊಳಗೆ ತನ್ನ ಹೆಸರನ್ನು ಹೂತಿಟ್ಟಿದ್ದಳು. ಹುಡುಕುವವರಿಗೆ ಬರಿಗೈ ಆಗದಿರಲೆಂದು ಜೊತೆಗೊಂದು ಜೀವವನ್ನೂ ಇಟ್ಟಿದ್ದಳು. ಮೂರನೇ ದಿನಕ್ಕೆ ಅವಳು ದೇವಿಯಾಗಿಬಿಡುತ್ತಾಳೆಂದು ಯಾರು ಕನಸು ಕಂಡಿದ್ದರು?

ಆಡುವವರು ತಮ್ಮತಮ್ಮ ಗುಟ್ಟು ಬರೆದಿಡಲು ಅಂಗಡಿಯಲ್ಲೊಂದು ನೋಟ್‌ಬುಕ್ ಇತ್ತು, ದಾರ ಕಟ್ಟಿ ಮೇಜಿಗೆ ಬಿಗಿದದ್ದು. ಮುರಾಸೆ ಅದನ್ನು ಎಳೆದುಕೊಂಡು ಓದಿದ. "ಪೈನ್ ಮರದ ಎಡಕ್ಕೆ ಏಳು ಏಟು. ಕಿನುಯೊ ದೇವಿ ಜೀವ ಕೊಡುತ್ತಾಳೆ." ಅದರ ಕೆಳಗೆ ಬೇರೆ ಕೈಬರಹ: "ಮೊದಲು ಎರಡು ಚಪ್ಪಾಳೆ. ನನಗೆ ಹಾಗೇ ಒಲಿದಳು." ಅದರ ಕೆಳಗೆ: "ಚಪ್ಪಾಳೆ ತಟ್ಟದೆ ಹೊಡೆದೆ. ಡ್ರ್ಯಾಗನ್ ನುಂಗಿತು. ತಪ್ಪು ನನ್ನದೇ." ಆಟದ ಪೆಟ್ಟಿಗೆಯ ಮೇಲೆ ಯಾರೋ ಒಂದು ಕಿತ್ತಳೆ ಹಣ್ಣನ್ನೂ ಇಟ್ಟಿದ್ದರು. ಬಾಗಿಲಾಚೆಗೂ ಸಾಲು ಬೆಳೆದಿತ್ತು.

ಮುರಾಸೆಯ ಮುಖ ಮೆಲ್ಲಗೆ ಅರಳಿತು. "ದೇವಿ! ಭೇಷ್! ಹಾಗಾದ್ರೆ ಇರ್ಲಿ ಬಿಡು. ದೇವಿನ ಯಾವ ಕಂಪನಿಯೋನೂ ಹಾರಿಸ್ಕೊಂಡು ಹೋಗಲ್ಲ. ದೇವಿ ಸಂಬಳನೂ ಕೇಳಲ್ಲ, ರಜಾನೂ ಕೇಳಲ್ಲ. ಅದು ನೀನು ಅಂತ ಮಾತ್ರ ಉಸಿರೆತ್ತಬೇಡ." ಹೀಗೆಂದು ಖುಷಿಯಿಂದ ಕಾಫಿ ತರಲು ಹೊರಗೆ ಹೋದ.

ಕಿನುಯೊಗೆ ನಗು ಬಂತು. ಆಮೇಲೆ ಮೈ ಉರಿಯಿತು. ಮನುಷ್ಯಳಾಗಿ ಹೆಸರಿಗೆ ಜಾಗವಿಲ್ಲ; ಕಲ್ಲಾದರೆ ಪೂಜೆ! ಕೋಟಿನ ಜೇಬಿನಿಂದ ಡ್ರ್ಯಾಗನ್ನಿಗೆ ಬಳಸುತ್ತಿದ್ದ ಹಸಿರು ಪೆನ್ಸಿಲ್ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಳು:

"ಕಿನುಯೊ ದೇವಿಯಲ್ಲ. ಈ ಆಟದ ಚಿತ್ರಗಳನ್ನೆಲ್ಲ ಬಿಡಿಸಿದವಳು. ಡ್ರ್ಯಾಗನ್ ಒಂದಕ್ಕೇ ಹನ್ನೊಂದು ದಿನ ಹಿಡಿಯಿತು. ಕಣ್ಣು ಉರಿಯುತ್ತದೆ, ಬೆನ್ನು ನೋಯುತ್ತದೆ. ದಯವಿಟ್ಟು ಚಪ್ಪಾಳೆ ಬೇಡ."

ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಇಣುಕಿ ಓದಿ, "ಅಯ್ಯೋ, ಹೌದಾ! ನಂಬಾ ಪೇಟೆಯ ಅಂಗಡಿ ಪುಸ್ತಕದಲ್ಲೂ ಇದನ್ನ ಬರೀಬೇಕು" ಎಂದು ಆಗಲೇ ಅಂಗೈ ಮೇಲೆ ಗೀಚಿಕೊಳ್ಳತೊಡಗಿದಳು. ಬರೆದದ್ದನ್ನು ಅಳಿಸುವ ಕಾಲ ಅಲ್ಲಿಗೆ ಮುಗಿಯಿತು.

ಒಗಿನೊ ಮರಳಿ ತನ್ನ ಸರದಿಗೆ ಬಂದವನು ನೋಟ್‌ಬುಕ್ ಓದಿದ. ಹಸಿರು ಅಕ್ಷರಗಳನ್ನು ನೋಡಿದ. ಪಕ್ಕದಲ್ಲಿ ನಿಂತವಳ ಹಸಿರು ಹತ್ತಿದ ಬೆರಳತುದಿಗಳನ್ನೂ ನೋಡಿದ. ಕೂತು ಆಡಿದ. ಪೈನ್ ಮರ ಇಳಿದು ಬಂತು. ಅಭ್ಯಾಸಬಲದಿಂದ ಕೈಗಳೆರಡೂ ಮೇಲೆದ್ದವು, ಅರ್ಧಕ್ಕೇ ನಿಂತವು. ಪಾಳಿ ಮುಗಿಸಿ ಗಾಡಿ ತಂದು ನಿಲ್ಲಿಸಿದ ಜೊತೆಗಾರರಿಗೆ ಹೇಳುವ ದನಿಯಲ್ಲಿ, ಪರದೆಯತ್ತ ತಲೆಬಾಗಿ, ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿ ಅವನು ಅಂದ: "ತುಂಬ ದಣಿದಿದ್ದೀರಿ, ಕಿನುಯೊ ಸಾನ್."

ಹಿಂದಿದ್ದ ನಾಲ್ಕೈದು ಜನರೂ ಹಾಗೇ ಅಂದರು.

ಅಷ್ಟರಲ್ಲಿ ಎರಡು ಕ್ಯಾನ್ ಕಾಫಿ ಹಿಡಿದು ಬಂದ ಮುರಾಸೆ ಬಾಗಿಲಲ್ಲೇ ನಿಂತ. ಚಪ್ಪಾಳೆ ಕೇಳಿಸಲಿಲ್ಲ. ಒಗಿನೊ ಆಟ ಮುಗಿಸಿ ಎದ್ದವನು ಪೆಟ್ಟಿಗೆಯ ಮೇಲಿನ ಕಿತ್ತಳೆಯನ್ನು ತೆಗೆದು ಕಿನುಯೊಳ ಕೈಯಲ್ಲಿಟ್ಟ.

"ರೀ, ಅದು ದೇವಿಗಿಟ್ಟ ಹಣ್ಣಲ್ವೇನ್ರೀ?" ಮುರಾಸೆಯ ದನಿ ಏರಿತು.

ಒಗಿನೊ ಕೈಗವುಸು ಏರಿಸಿಕೊಳ್ಳುತ್ತ ಹೇಳಿದ: "ದೇವಿ ಹಣ್ಣು ತಿಂದಿದ್ದನ್ನ ಎಲ್ಲಾದ್ರೂ ಕಂಡಿದ್ದೀರಾ, ಯಜಮಾನ್ರೇ? ಹಸಿವಾಗೋದು ಕೆಲಸ ಮಾಡೋರಿಗೆ."

ಕಿನುಯೊ ಮುರಾಸೆಯ ಮುಖವನ್ನೇ ನೋಡುತ್ತ ಹಣ್ಣಿನ ಸಿಪ್ಪೆ ಸುಲಿದಳು. ಒಂದು ತೊಳೆ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಹುಳಿಗೆ ಒಂದು ಕಣ್ಣು ಮುಚ್ಚಿತು. ಇನ್ನೊಂದು ಕಣ್ಣು ಅವನ ಮೇಲೇ ಇತ್ತು.